ಅರ್ಜಿದಾರರಲ್ಲಿ ವೈಯಕ್ತಿಕ ಹಿತಾಸಕ್ತಿ

“ನಿಮ್ಮ ಮೋಟ್ರು ಇನ್ನೂ ಆಗಿಲ್ಲ ಕಣ್ರೀ. ವಾರ್ನಿಶ್ ಹಸಿ ಐತೆ, ನಾಳೆ ಬನ್ನಿ.”

ತಲೆ ಎತ್ತದೆ ಹೇಳಿದ ಅವನು. ಪಂಪ್‌ಸೆಟ್ಟಿನ ಮೋಟಾರೊಂದನ್ನು ಮೊಣಕಾಲ ನಡುವೆ ಇಟ್ಟುಕೊಂಡು, ತಾಮ್ರದ ತಂತಿಯನ್ನು ಸುತ್ತು ತಪ್ಪದ ಹಾಗೆ ಒಳಗೆ ಕೂರಿಸುತ್ತಿದ್ದ. ತುಟಿಯಲ್ಲಿ ಎಣಿಕೆ ನಡೆಯುತ್ತಿತ್ತು.

ಕಿಬ್ಬನಹಳ್ಳಿ ಕ್ರಾಸಿನ ಆ ಅಂಗಡಿಯ ಬಾಗಿಲಲ್ಲಿ, ಬಸ್ಸಿನ ಧೂಳನ್ನು ವೇಲಿನಿಂದ ಒರೆಸಿಕೊಳ್ಳುತ್ತ ನಿಂತಿದ್ದ ವನಜಾಗೆ ನಗು ಬಂತು.

“ನಾನು ಮೋಟ್ರಿಗೆ ಬಂದಿಲ್ಲ.”

“ಮಿಕ್ಸೀನಾ? ಮಿಕ್ಸಿ ಪಕ್ಕದ ಅಂಗ್ಡೀಲಿ.”

“ವಿಮಾನ ನೋಡೋಕೆ ಬಂದೆ.”

ಎಣಿಕೆ ನಿಂತಿತು. ಅವನು ತಲೆ ಎತ್ತಿದ. ಮೂವತ್ತರ ಆಸುಪಾಸಿನ ಮುಖ, ಹಣೆಯ ಮೇಲೆ ಗ್ರೀಸಿನ ಒಂದು ಗೆರೆ. ಆ ಗೆರೆಯ ಕೆಳಗಿನ ಕಣ್ಣುಗಳಲ್ಲಿ ಮೊದಲು ಗಾಬರಿ, ಆಮೇಲೆ ನಾಚಿಕೆ, ಆಮೇಲೆ ಮಕ್ಕಳಿಗಿರುವಂಥ ಖುಷಿ ಒಂದರ ಹಿಂದೆ ಒಂದು ಬಂದು ಹೋದವು. ಮೂರನ್ನೂ ವನಜಾ ನೋಡಿದಳು. ನೋಡಬಾರದಿತ್ತೇನೋ.

“ಅಯ್ಯಯ್ಯೋ, ತುಮಕೂರಿಂದ ಬಂದ ಮೇಡಮ್ಮೋರಾ? ನಾನು ಸಾಹೇಬ್ರು ಯಾರೋ ಜೀಪಲ್ಲಿ ಬತ್ತಾರೆ ಅಂತ ಕಾಯ್ತಾ ಇದ್ದೆ!” ಎನ್ನುತ್ತ ಎದ್ದವನ ಮಡಿಲಿಂದ ತಂತಿಯ ಸುರುಳಿ ಉರುಳಿ ರಸ್ತೆಯವರೆಗೂ ಬಿಚ್ಚಿಕೊಂಡು ಹೋಯಿತು. ಒಂದು ಬೆಳಗಿನ ಕೆಲಸ ಹಾಳಾಗಿತ್ತು. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಅವನ ಹೆಸರು ಭೀಮರಾಜು. ವನಜಾಗೆ ಆ ಹೆಸರು ಮೊದಲೇ ಗೊತ್ತಿತ್ತು. ಸರ್ಕಾರದ ನವೀನ ವಾಯು ಸಂಚಾರ ಅನುದಾನಕ್ಕೆ ಆ ವರ್ಷ ಬಂದ ನಲವತ್ತೊಂದು ಅರ್ಜಿಗಳಲ್ಲಿ ಅವನದೂ ಒಂದು. ಮಿಕ್ಕವೆಲ್ಲ ಕಂಪನಿಗಳು, ಕಾಲೇಜುಗಳು ಕಳಿಸಿದ ದಪ್ಪ ದಪ್ಪ ಪುಸ್ತಕಗಳು. ಇವನದು ಹನ್ನೊಂದೇ ಹಾಳೆ. ‘ತಂತ್ರಜ್ಞಾನದ ಸಿದ್ಧತೆಯ ಮಟ್ಟ, ಒಂದರಿಂದ ಒಂಬತ್ತರೊಳಗೆ ಸೂಚಿಸಿ’ ಎಂಬ ಕಡೆ ಅವನು ಬರೆದಿದ್ದ: ‘ಸಿದ್ಧ ಇದೆ. ಬಂದು ನೋಡಿ.’ ಅದನ್ನು ಓದಿ ವನಜಾ ಆಫೀಸಿನಲ್ಲಿ ಜೋರಾಗಿ ನಕ್ಕುಬಿಟ್ಟಿದ್ದಳು. ವಿಮಾನದ ಇಂಜಿನಿಯರಿಂಗ್ ಓದಿ, ಗುತ್ತಿಗೆಯ ಮೇಲೆ ಪರಿಶೀಲನಾಧಿಕಾರಿಯಾಗಿ ಸೇರಿ ಎರಡು ವರ್ಷವಾಗಿತ್ತು. ಅರ್ಜಿ ಓದಿ ನಕ್ಕಿದ್ದು ಅದೇ ಮೊದಲು.

ಅಂಗಡಿಯ ಹಿಂದೆ ಹಳೆಯ ಕೊಬ್ಬರಿ ಗೋದಾಮು. ಕೊಬ್ಬರಿ ಖಾಲಿಯಾಗಿ ಎಷ್ಟೋ ವರ್ಷವಾಗಿದ್ದರೂ ಗೋಡೆಗಳು ಆ ಸಿಹಿ ಎಣ್ಣೆಯ ವಾಸನೆಯನ್ನು ಬಿಟ್ಟಿರಲಿಲ್ಲ. ಅದರ ನಡುವೆ, ಹಳೇ ಬೆಡ್‌ಶೀಟಿನ ಕೆಳಗೆ ಅದು ಕೂತಿತ್ತು. ಎಂಟು ತೋಳಿನ, ಎಂಟು ರೆಕ್ಕೆ ತಿರುಗುವ, ಆಳಿಲ್ಲದೆ ಹಾರುವ ಬಿಳಿ ಯಂತ್ರ. ಹೊಟ್ಟೆಯ ಕೆಳಗೆ ನೀಲಿ ಬಣ್ಣದ ಲಸಿಕೆ ಡಬ್ಬಿ.

“ಯಾಕೆ ಮಾಡಿದ್ರಿ ಇದನ್ನ?” ಅವಳು ಪೆನ್ನು ತೆಗೆದಳು. ಅದು ನಮೂನೆಯಲ್ಲಿದ್ದ ಮೊದಲ ಪ್ರಶ್ನೆ.

ಭೀಮರಾಜು ತೆಗೆದ ಬೆಡ್‌ಶೀಟನ್ನು ಮಡಚಿ ಪಕ್ಕಕ್ಕಿಟ್ಟ. “ಕಂದಿಕೆರೆ ಆಚೆ, ಗುಡ್ಡದ ಹಿಂದೆ ತಾರೆಮರದಹಟ್ಟಿ ಅಂತ ಒಂದೈತೆ ಮೇಡಂ. ಅಲ್ಲಿಗೆ ಬೋರ್‌ವೆಲ್ ಮೋಟ್ರು ರಿಪೇರಿಗೆ ಹೋಗಿದ್ದೆ. ಗುಡ್ಡದ ನೆತ್ತೀಲಿ ಪುಟ್ಟಗಂಗಮ್ಮ ಅಂತ ನರ್ಸಮ್ಮ ಕೂತಿತ್ತು. ಮುಂದೆ ಇಂಥದೇ ಡಬ್ಬಿ. ಬಸ್ಸು ಕೆಟ್ಟು, ನಡ್ಕೊಂಡು ಬರೋ ಹೊತ್ಗೆ ಐಸೆಲ್ಲ ನೀರಾಗಿತ್ತು. ಮಕ್ಕಳ ಲಸಿಕೆ ಅಷ್ಟೂ ಕೆಟ್ಟೋಯ್ತು. ಆಯಮ್ಮ ಅಳ್ತಾ ಇರ್ಲಿಲ್ಲ ಮೇಡಂ. ಅತ್ತಿದ್ರೆ ನಾನು ಸಮಾಧಾನ ಮಾಡಿ ಬತ್ತಿದ್ದೆ. ಸುಮ್ನೆ ಎದ್ದು, ಡಬ್ಬಿ ಹೆಗಲಿಗೆ ಹಾಕ್ಕೊಂಡು ವಾಪಸ್ ಇಳಿದೋಯ್ತು. ಚಿಕ್ಕನಾಯಕನಹಳ್ಳಿಯಿಂದ ರಸ್ತೇಲಿ ಸುತ್ತಿ ಹೋದ್ರೆ ಇಪ್ಪತ್ತಾರು ಕಿಲೋಮೀಟ್ರು. ಮೇಲೆ ನೇರ ಒಂಬತ್ತೇ.”

ವನಜಾಳ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ತಾರೆಮರದಹಟ್ಟಿ ಅವಳು ಹುಟ್ಟಿದ ಹಟ್ಟಿ. ಕುರಿ ಮೇಯಿಸುವ ಮುದ್ದಣ್ಣನ ಮಗಳು ಅವಳು. ಅವಳ ತಮ್ಮ ಜುಂಜೇಶನಿಗೆ ಏಳನೇ ವಯಸ್ಸಿನಲ್ಲಿ ಹಾವು ಕಚ್ಚಿದಾಗ, ಔಷಧಿ ಇರುವ ಕಡೆ ಹೊತ್ತೊಯ್ಯಲು ಮೂರು ಗಂಟೆ ಹಿಡಿದಿತ್ತು. ಜೀವ ಉಳಿಯಿತು, ಬಲಗಾಲು ಸೊರಗಿ ಹೋಯಿತು.

ಅದು ತನ್ನ ಊರೆಂದು ಅವನಿಗೆ ತಿಳಿಸದೆ, ‘ಉದ್ದೇಶ ಸ್ಪಷ್ಟವಾಗಿದೆ’ ಎಂದು ಬರೆದು, ಕೆಮ್ಮಿದಳು.

ಆಫೀಸಿಗೆ ಹೋದವಳೇ ಮೇಲಧಿಕಾರಿ ರಾಧಾಮಣಿಯವರಿಗೆ ವಿಷಯ ತಿಳಿಸಿದಳು. ಅವರು ಕನ್ನಡಕದ ಮೇಲಿಂದ ನೋಡಿ, “ಊರು ಹಿತಾಸಕ್ತಿ ಅಲ್ಲ ಕಣಮ್ಮ. ಊರೆಲ್ಲ ಬಿಡ್ತಾ ಹೋದ್ರೆ ನೀನು ಯಾವ ಫೈಲೂ ನೋಡೋ ಹಾಗಿಲ್ಲ. ಅರ್ಜಿ ಹಾಕಿದವನು ನೆಂಟನಾ? ಅಲ್ವಲ್ಲ. ಹಾಗಾದ್ರೆ ಸಹಿ ಹಾಕು” ಎಂದರು. ವನಜಾ ಹಿತಾಸಕ್ತಿ ಇಲ್ಲವೆಂಬ ಘೋಷಣೆಗೆ ಸಹಿ ಹಾಕಿದಳು. ಆ ದಿನ ಅದು ನಿಜವೇ ಆಗಿತ್ತು.

*

ಎರಡನೇ ಪರಿಶೀಲನೆ ಫೆಬ್ರವರಿಯಲ್ಲಿ. ಕೆರೆಯಂಗಳದಲ್ಲಿ ಯಂತ್ರವನ್ನು ಹಗ್ಗಕ್ಕೆ ಕಟ್ಟಿ ಹಾರಿಸಿ ತೋರಿಸಬೇಕಿತ್ತು. ಆ ಸೀಮೆಯಲ್ಲಿ ಕೆರೆಯಂಗಳ ಬಿಟ್ಟರೆ ಬಯಲಿಲ್ಲ. ಎಲ್ಲಿ ನೋಡಿದರೂ ತೆಂಗು, ತೆಂಗಿನಾಚೆ ತೆಂಗು. ಮರದ ಕೆಳಗೆ ಎಲೆ ಅಲುಗದಿದ್ದರೂ ಗರಿಗಳ ಮೇಲೆ ಗಾಳಿ ಬೇರೆಯೇ ಆಟ ಆಡುತ್ತದೆ ಎಂದು ಭೀಮರಾಜು ಅವಳಿಗೆ ಕೈಬೀಸಿ ಬೀಸಿ ವಿವರಿಸಿದ. ವಿವರಿಸುವಾಗ ಅವನ ಎರಡೂ ಕೈ ಆಕಾಶದಲ್ಲೇ ಇರುತ್ತಿದ್ದವು.

ಯಂತ್ರ ಎದ್ದಿತು. ಎಳೆಯ ಸಸಿಯಷ್ಟು ಎತ್ತರ, ಆಮೇಲೆ ಮರದಷ್ಟು, ಆಮೇಲೆ ಮರಕ್ಕಿಂತ ಮೇಲೆ. ಅವನು ಮುಖ ಮೇಲೆತ್ತಿ ನಿಂತಿದ್ದ. ಗಂಟಲ ಮಣಿ ಒಮ್ಮೆ ಏರಿ ಇಳಿಯಿತು. ವನಜಾ ಯಂತ್ರವನ್ನು ನೋಡಬೇಕಿತ್ತು.

ಇಳಿಸಿದ ಮೇಲೆ ಅವನು ಎಳನೀರು ಕೊಚ್ಚಿ ತಂದ. ಅವಳು ಬೇಡವೆಂದು ತಲೆಯಾಡಿಸಿದಳು.

“ಎಳನೀರೂ ಲಂಚಾನಾ ಮೇಡಂ?”

“ನಿಯಮದಲ್ಲಿ ನೀರು ಅಂತಿದೆ. ಎಳನೀರು ಅಂತಿಲ್ಲ.”

“ನೀರೇ ಕಣ್ರೀ ಇದು. ಮರ ಹತ್ತಿ ಇಳಿದೈತೆ ಅಷ್ಟೆ.”

ಅವಳು ನಗುವನ್ನು ತಡೆದು ತನ್ನ ಬಾಟಲಿಯ ಬಿಸಿನೀರನ್ನೇ ಕುಡಿದಳು. ಅವನು ಎದುರು ಕುಕ್ಕರಗಾಲಲ್ಲಿ ಕೂತು, ಅವಳ ಕಾಗದದ ಕಡೆ ಕತ್ತು ಉದ್ದ ಮಾಡಿದ.

“ಎಷ್ಟು ಹಾಕಿದ್ರಿ?”

“ಹೇಳೋ ಹಾಗಿಲ್ಲ.”

“ಬಾಯಲ್ಲಿ ಹೇಳ್ಬೇಡಿ. ಚೆನ್ನಾಗಿದ್ರೆ ಒಂದ್ಸಲ ಕಣ್ಣು ಮಿಟುಕಿಸಿ ಸಾಕು.”

ಅವಳು ಕಣ್ಣು ಮಿಟುಕಿಸದೆ ಅವನನ್ನೇ ನೋಡಿದಳು. ಅವನೂ ನೋಡಿದ. ಕೆರೆಯಂಗಳದ ಬಿಸಿಲು ಬಿಳುಪಾಗಿತ್ತು, ಕಣ್ಣು ಉರಿಯತೊಡಗಿತು, ರೆಪ್ಪೆಯ ಅಂಚಿನಲ್ಲಿ ನೀರು ಕೂಡಿತು. ಆದರೂ ಬಿಡಲಿಲ್ಲ. ಕೊನೆಗೆ ಅವನೇ ಮುಖ ತಿರುಗಿಸಿಕೊಂಡು, “ಬುಡಿ ಬುಡಿ, ಅಳಿಸಿಬುಟ್ರೆ ನಂಗೇ ಪಾಪ” ಎಂದ. ದನಿ ಸರಿಯಿರಲಿಲ್ಲ. ಅವನ ಕಿವಿ ಕೆಂಪಗಾಗಿತ್ತು.

ವಾಪಸ್ ಬಸ್ಸಿನಲ್ಲಿ ತುಮಕೂರಿನವರೆಗೂ ವನಜಾ ಕಿಟಕಿಗೆ ಹಣೆ ಒತ್ತಿಕೊಂಡು ಕೂತಳು. ಏನಾಗುತ್ತಿದೆಯೆಂದು ಅವಳಿಗೆ ಗೊತ್ತಿತ್ತು. ತಡೆಯುವುದು ಹೇಗೆಂಬುದಷ್ಟೇ ಗೊತ್ತಿರಲಿಲ್ಲ.

*

ಆ ತಿಂಗಳ ಕೊನೆಯ ಶನಿವಾರ ಸಂಪಿಗೆ ಗ್ರಾಮದ ಶ್ರೀನಿವಾಸನ ದೇವಸ್ಥಾನದಲ್ಲಿ ಅವರು ಅಚಾನಕ್ಕಾಗಿ ಎದುರಾದರು. ಅವಳು ಜತೆಗೆ ಕೆಲಸ ಮಾಡುವವಳ ಮಗುವಿನ ಮುಡಿಗೆ ಬಂದಿದ್ದಳು. ಅವನು ತಾಯಿ ಚಿಕ್ಕಗಂಗಮ್ಮನನ್ನು ಕರೆತಂದಿದ್ದ. ಗ್ರೀಸಿಲ್ಲದ ಹಣೆ, ಬಿಳೀ ಪಂಚೆ. ಅವಳಿಗೆ ಒಂದು ಗಳಿಗೆ ಗುರುತೇ ಸಿಗಲಿಲ್ಲ. ಗುರುತು ಸಿಕ್ಕ ಮೇಲೆ ಎದೆ ಒಂದು ಹೆಜ್ಜೆ ತಪ್ಪಿತು.

“ಯಾರ ಮಗಳವ್ವ ನೀನು?” ಚಿಕ್ಕಗಂಗಮ್ಮ ಅವಳ ಗಲ್ಲ ಹಿಡಿದು ಕೇಳಿದರು.

“ಅವ್ವಾ, ಅವ್ರು ಆಫೀಸರು. ಹಂಗೆಲ್ಲ ಮುಟ್ಬೇಡ.”

“ಆಫೀಸರಾದ್ರೆ ಗಲ್ಲ ಇರಕಿಲ್ವೇನ್ಲಾ?” ಎಂದ ಆಕೆ, ತನ್ನ ಪ್ರಸಾದದ ಹೂವನ್ನು ಮುರಿದು ಅರ್ಧ ವನಜಾಳ ಮುಡಿಗೆ ಸಿಕ್ಕಿಸಿ, ಪ್ರದಕ್ಷಿಣೆಗೆ ಹೊರಟುಬಿಟ್ಟರು.

ಇಬ್ಬರೇ ಉಳಿದರು. ಕಲ್ಲುಹಾಸು ಕಾದಿತ್ತು. ಬರಿಗಾಲಲ್ಲಿ ನಿಲ್ಲಲಾಗದೆ ಇಬ್ಬರೂ ಕಂಬದ ನೆರಳಿಗೆ ಸರಿದರು. ನೆರಳು ಕಿರಿದಾಗಿತ್ತು.

“ಮೇಡಂ,” ಅವನು ಕಂಬವನ್ನು ನೋಡುತ್ತ ಹೇಳಿದ, “ಈ ಅನುದಾನ ಬಂದ್ಮೇಲೆ ನಿಮ್ಮನ್ನ ಒಂದು ಮಾತು ಕೇಳ್ಬೇಕು.”

“ಏನು?”

“ಈಗ ಕೇಳಂಗಿಲ್ಲ. ಈಗ ಕೇಳಿದ್ರೆ ಅದಕ್ಕೋಸ್ಕರ ಕೇಳ್ದಂಗೆ ಆಯ್ತದೆ.”

ಅವಳು ಕೇಳಬೇಡಿ ಎನ್ನಬೇಕಿತ್ತು, ಅದು ಸಾಧ್ಯವಿರಲಿಲ್ಲ. ಕೇಳಿ ಎನ್ನುವಂತೆಯೂ ಇರಲಿಲ್ಲ. ಅನುದಾನ ಮಂಜೂರಾದರೆ ಎರಡು ವರ್ಷ, ಪ್ರತಿ ಕಂತಿಗೂ ಅವಳೇ ಬಂದು ಪರಿಶೀಲಿಸಿ ಸಹಿ ಹಾಕಬೇಕು. ‘ಬಂದ್ಮೇಲೆ’ ಎನ್ನುವ ಆ ದಿನ ಅವನು ಅಂದುಕೊಂಡಷ್ಟು ಹತ್ತಿರವಿರಲಿಲ್ಲ. ಅದನ್ನಾದರೂ ಹೇಳಬಹುದಿತ್ತು. ಅಷ್ಟರಲ್ಲಿ ಚಿಕ್ಕಗಂಗಮ್ಮ ಪ್ರದಕ್ಷಿಣೆ ಮುಗಿಸಿ ಬಂದು, ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿ, ಏನೂ ಕೇಳದೆ ಕೊಬ್ಬರಿ ಚೂರು ಕೈಗೆ ಹಾಕಿದರು.

*

ಸೋಮವಾರ ಅಂಕ ತುಂಬಬೇಕಿತ್ತು.

ವನಜಾ ಮೊದಲ ಸಾಲಿಗೆ ಎಂಟು ಹಾಕಿದಳು. ಎರಡನೆಯದಕ್ಕೆ ಒಂಬತ್ತು. ಮೂರನೆಯ ಸಾಲು: ‘ಹಾರಾಟದ ಶಬ್ದ, ಜನವಸತಿಗೆ ಆಗುವ ತೊಂದರೆ.’ ಅದಕ್ಕೂ ಎಂಟು ಬರೆದು ಮುಂದೆ ಹೋದವಳು ಅಲ್ಲೇ ನಿಂತಳು.

ಶಬ್ದ ಹೇಗಿತ್ತು?

ನೆನಪಾಗಲಿಲ್ಲ. ಕೆರೆಯಂಗಳ ನೆನಪಾಯಿತು, ಬಿಸಿಲು, ಮೇಲೆತ್ತಿದ ಅವನ ಮುಖ, ಏರಿ ಇಳಿದ ಗಂಟಲು, ಎಲ್ಲ ನೆನಪಾಯಿತು. ಎಂಟು ರೆಕ್ಕೆ ತಲೆಯ ಮೇಲೆ ತಿರುಗುತ್ತಿದ್ದರೂ ಅವಳ ಕಿವಿಗೆ ಏನೂ ಬಿದ್ದಿರಲಿಲ್ಲ.

ಅವಳು ಎಂಟನ್ನು ಹೊಡೆದು ಆರು ಮಾಡಿದಳು. ಪಾಪ, ಆರು ಕಡಿಮೆಯಾಯಿತು ಅನ್ನಿಸಿ ಏಳು ಮಾಡಿದಳು. ಏಳು ಹಾಕಿದ್ದು ಕೈಯೋ ಮನಸ್ಸೋ ತಿಳಿಯಲಿಲ್ಲ. ಒಂಬತ್ತು ಹಾಕಿದ ಕಡೆ ಅವನಿಗೆ ನಿಜವಾಗಿ ಒಂಬತ್ತು ಬರಬೇಕಿತ್ತೋ, ಅದೂ ತಿಳಿಯಲಿಲ್ಲ. ಪಕ್ಕದಲ್ಲಿ ರಾಯಚೂರಿನ ಕಡೆಯ ಹೆಣ್ಣುಮಗಳೊಬ್ಬಳ ಫೈಲಿತ್ತು. ಆಕೆಯೂ ಇಂಥದೇ ಯಂತ್ರ ಮಾಡಿದ್ದಳು, ಆಕೆಯ ಊರಿಗೂ ರಸ್ತೆ ಇರಲಿಲ್ಲ. ಆ ಫೈಲಿಗೆ ವನಜಾ ಮೂರು ನಿಮಿಷದಲ್ಲಿ ಅಂಕ ಹಾಕಿ ಮುಗಿಸಿದ್ದಳು.

ಒಂದು ವಾರ ಆ ಹಾಳೆ ಮೇಜಿನ ಮೇಲೆಯೇ ಇತ್ತು. ಎಂಟನೇ ದಿನ ಅವಳು ರಾಧಾಮಣಿಯವರ ಮುಂದೆ ಹೋಗಿ ನಿಂತಳು.

“ಮೇಡಂ, ಭೀಮರಾಜು ಅವರ ಫೈಲು ನಾನು ನೋಡೋ ಹಾಗಿಲ್ಲ.”

“ಯಾಕೆ?”

ವನಜಾ ತಲೆ ತಗ್ಗಿಸಿದಳು. ರಾಧಾಮಣಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅವನೇನಾದ್ರೂ...?”

“ಇಲ್ಲ ಮೇಡಂ. ಅವರು ಒಂದು ಮಾತೂ ಆಡಿಲ್ಲ. ನಾನೇ.”

“ಹುಚ್ಚಿ,” ರಾಧಾಮಣಿಯವರ ದನಿ ಮೆತ್ತಗಿತ್ತು. “ನೀನು ಬರೆದು ಕೊಟ್ರೆ ಎರಡೂ ಪರಿಶೀಲನೆ ರದ್ದಾಗುತ್ತೆ. ಬೇರೆಯವರು ಮೊದಲಿಂದ ಮಾಡಬೇಕು. ನಿನ್ನ ಬಿಟ್ರೆ ಪರಿಶೀಲನೆಗೆ ಇದ್ದ ಇನ್ನೊಬ್ಬರೂ ಕೆಲಸ ಬಿಟ್ಟು ಹೋದ್ರು. ಮಾರ್ಚ್ ಮೂವತ್ತೊಂದಕ್ಕೆ ಯೋಜನೆಯ ಈ ಸುತ್ತು ಮುಗಿಯುತ್ತೆ, ಮುಂದಿನದು ಬರುತ್ತೋ ಇಲ್ವೋ ನನಗೂ ಗೊತ್ತಿಲ್ಲ. ಆ ಹುಡುಗನಿಗೆ ಇದು ಹೋಗಿಬಿಡುತ್ತೆ ವನಜಾ. ನಾನು ಏನೂ ಕೇಳಿಸ್ಕೊಂಡಿಲ್ಲ. ಹೋಗಿ ಊಟ ಮಾಡಿ ಬಾ.”

ಅವಳು ಹೋಗಲಿಲ್ಲ. ನಿಂತಲ್ಲೇ ಅಳು ಬಂತು. ಅವನ ಮೂರು ವರ್ಷದ ಕೆಲಸ, ಪುಟ್ಟಗಂಗಮ್ಮನ ಡಬ್ಬಿ, ತಮ್ಮನ ಕಾಲು, ಎಲ್ಲ ಒಂದು ಕಡೆ. ಇನ್ನೊಂದು ಕಡೆ ತಾನು ಹಾಕಿದ ಅಂಕವನ್ನು ತಾನೇ ನಂಬಲಾಗದ ಸಂಕಟ. ಎತ್ತ ತಿರುಗಿದರೂ ಯಾರಿಗೋ ಅನ್ಯಾಯ.

“ಆ ರಾಯಚೂರಿನವಳಿಗೆ ಏನು ಹೇಳ್ಲಿ ಮೇಡಂ?” ಅಂದಳು. ರಾಧಾಮಣಿ ಖಾಲಿ ನಮೂನೆಯೊಂದನ್ನು ಅವಳ ಮುಂದೆ ತಳ್ಳಿದರು.

ಬರೆದು ಕೊಟ್ಟವಳು ಭೀಮರಾಜುವಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎಲ್ಲೋ ತೋಟದಲ್ಲಿ ಮೋಟಾರು ಇಳಿಸುತ್ತಿರಬೇಕು. ಕಾಗದ ತಲುಪುವ ಮುಂಚೆ ತಾನೇ ಹೇಳಬೇಕೆಂದು ಅರ್ಧ ದಿನ ರಜೆ ಹಾಕಿ ತಿಪಟೂರು ಬಸ್ಸು ಹತ್ತಿದಳು. ಬಸ್ಸು ಗುಬ್ಬಿ ದಾಟುವಷ್ಟರಲ್ಲಿ ಆಫೀಸಿನ ಕಂಪ್ಯೂಟರು ತನ್ನ ಕೆಲಸ ಮುಗಿಸಿತ್ತು.

*

ಅಂಗಡಿಯ ಮುಂದೆ ಅವನು ಫೋನ್ ಹಿಡಿದು ನಿಂತಿದ್ದ. ಅವಳನ್ನು ನೋಡಿ ಬನ್ನಿ ಎನ್ನಲಿಲ್ಲ. ಫೋನನ್ನು ಮುಖದ ಹತ್ತಿರ ತಂದು, ಒಂದೊಂದೇ ಪದ ಬಿಡಿಸಿ ಓದಿದ.

“‘ಸ್ಥಳ ಪರಿಶೀಲನಾಧಿಕಾರಿಯು ಅರ್ಜಿದಾರರಲ್ಲಿ ತಮಗೆ ವೈಯಕ್ತಿಕ ಹಿತಾಸಕ್ತಿ ಇರುವುದಾಗಿ ಲಿಖಿತವಾಗಿ ಘೋಷಿಸಿರುವುದರಿಂದ, ಸದರಿ ಅರ್ಜಿಯನ್ನು ಈ ಸಾಲಿನ ಪರಿಗಣನೆಯಿಂದ ಕೈಬಿಡಲಾಗಿದೆ.’” ತಲೆ ಎತ್ತಿದ. “ಹತ್ತು ಸಲ ಓದಿದೆ ಮೇಡಂ. ಹಿತಾಸಕ್ತಿ ಅಂದ್ರೆ ಏನು?”

“ನಿಮಗೆ ಗೊತ್ತು.”

“ಗೊತ್ತಿಲ್ಲ. ಹೇಳಿ.”

ರಸ್ತೆಯಲ್ಲಿ ತೆಂಗಿನಕಾಯಿ ಲಾರಿಯೊಂದು ಹಾರನ್ ಹೊಡೆಯುತ್ತ ಹೋಯಿತು. ಅದು ಹೋಗುವವರೆಗೂ ಅವಳು ಕಾದಳು.

“ಇಷ್ಟ ಅಂತ,” ಅಂದಳು. “ಮನಸ್ಸು ಅಂತ. ನಮೂನೆಯಲ್ಲಿ ಬೇರೆ ಪದ ಇರಲಿಲ್ಲ.”

ಅವನ ಮುಖದಲ್ಲಿ ಏನೋ ಬೆಳಗಿತು. ಮರುಗಳಿಗೆಯೇ ಅದರ ಮೇಲೆ ನೋವು ಕವಿಯಿತು. ನಗು ಬಂದ ಬಾಯಿ ನಗಲಾರದೆ ಸೊಟ್ಟಗಾಯಿತು. ಅವನು ಮೆಟ್ಟಿಲ ಮೇಲೆ ಕುಸಿದು ಕೂತ.

“ಈಗ ನಾನು ನಿಮ್ಮನ್ನ ಬಯ್ಯಲಾ, ಕುಣಿಯಲಾ? ಸರ್ಕಾರಕ್ಕೆ ಹೇಳೋ ಮುಂಚೆ ನಂಗೊಂದು ಮಾತು ಹೇಳ್ಬಾರ್ದಾ?”

“ಹೇಳಿದ್ರೆ ನೀವು ತಡೀತಿದ್ರಿ.”

“ತಡೀತಿದ್ದೆ! ಕಾಲು ಹಿಡ್ಕೊಂಡಾದ್ರೂ ತಡೀತಿದ್ದೆ. ಆ ಯಂತ್ರದ ಮೋಟ್ರುಗಳು ತುಮಕೂರಿನ ಕಾಲೇಜಿಂದು ಕಣ್ರೀ. ಅನುದಾನ ಬರ್ಲಿಲ್ಲ ಅಂದ್ರೆ ತಿಂಗಳ ಕೊನೆಗೆ ವಾಪಸ್ ಕೊಡ್ಬೇಕು. ಇನ್ನು ಅದು ಎದ್ದೇಳಲ್ಲ. ಮೂರು ವಾರ, ಬರೀ ಮೂರು ವಾರ ಸುಮ್ನೆ ಇದ್ದಿದ್ರೆ ಆಗ್ತಿತ್ತು. ಯಾರಿಗೆ ಗೊತ್ತಾಗ್ತಿತ್ತು?”

“ನಂಗೆ ಗೊತ್ತಿತ್ತಲ್ಲ. ಕೆರೆಯಂಗಳದಲ್ಲಿ ನಿಮ್ಮ ಯಂತ್ರ ಎಷ್ಟು ಸದ್ದು ಮಾಡ್ತು ಅಂತ ನಾನು ಅಂಕ ಹಾಕ್ಬೇಕಿತ್ತು. ನಂಗೆ ಸದ್ದೇ ಕೇಳಿರ್ಲಿಲ್ಲ ಭೀಮರಾಜು ಅವರೇ. ನಾನು ನಿಮ್ಮನ್ನ ನೋಡ್ತಾ ಇದ್ದೆ.”

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ ಬಂದ ದನಿ ಎಲ್ಲೋ ದೂರದಿಂದ ಬಂದಂತಿತ್ತು.

“ಇವತ್ತು ಹೋಗಿ ಮೇಡಂ. ದಯವಿಟ್ಟು ಹೋಗಿ. ನಂಗೆ ಎರಡನ್ನೂ ಒಟ್ಟಿಗೆ ಹಿಡ್ಯಕ್ಕೆ ಆಗ್ತಿಲ್ಲ.”

ಅವಳು ಹೋದಳು. ಹನ್ನೊಂದು ದಿನ ಫೋನ್ ಬರಲಿಲ್ಲ. ಮಾಡುವ ಹಕ್ಕು ತನಗಿಲ್ಲವೆಂದು ಅವಳು ತಿಳಿದಿದ್ದಳು. ಬೇರೆಯವರ ಫೈಲುಗಳನ್ನು ನೋಡಿದಳು, ಅಂಕ ಹಾಕಿದಳು. ಒಂಬತ್ತು ಹಾಕಬೇಕಾದ ಕಡೆ ಒಂಬತ್ತು ಹಾಕಿದಳು. ಸಂಜೆ ರೂಮಿಗೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ಕೂತಿರುತ್ತಿದ್ದಳು.

ಹನ್ನೆರಡನೇ ದಿನ ಒಂದು ಮೆಸೇಜು ಬಂತು. ‘ಇಪ್ಪತ್ತೆರಡನೇ ತಾರೀಕಿನ ಹಾರಾಟಕ್ಕೆ ಮೊದಲೇ ಪರ್ಮಿಶನ್ ಸಿಕ್ಕಿತ್ತು. ಅದನ್ನ ಯಾರೂ ರದ್ದು ಮಾಡಿಲ್ಲ. ಒಂದು ಸಲ ಹಾರಿಸ್ತೀನಿ. ಹಟ್ಟಿ ಕಡೆ ಯಾರಾದ್ರೂ ಬೇಕು.’

ಅವಳು ಬರೆದಳು: ‘ಅದು ನನ್ನ ಹಟ್ಟಿ. ನಾನಿರ್ತೀನಿ.’

*

ಹಟ್ಟಿಯ ಹೊರಗಿನ ಬೀಳು ಜಮೀನಿನಲ್ಲಿ ಸುಣ್ಣದ ಪುಡಿಯಿಂದ ಒಂದು ವೃತ್ತ ಬರೆದು ವನಜಾ ನಿಂತಿದ್ದಳು. ಪಕ್ಕದಲ್ಲಿ ನರ್ಸ್ ಪುಟ್ಟಗಂಗಮ್ಮ. ಸ್ವಲ್ಪ ದೂರದಲ್ಲಿ ಕಂಬಳಿ ಹೆಗಲಿಗೇರಿಸಿದ ಮುದ್ದಣ್ಣ, ಅವನ ಹಿಂದೆ ಹಟ್ಟಿಯ ಜನ.

ಹತ್ತು ಗಂಟೆ ಆರು ನಿಮಿಷಕ್ಕೆ ಮೆಸೇಜು ಬಂತು: ‘ಎದ್ದಿದೆ.’ ಅದರ ಹಿಂದೆಯೇ ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಹೋಯಿತು.

ಚಿಕ್ಕನಾಯಕನಹಳ್ಳಿಯಿಂದ ಹನ್ನೆರಡು ನಿಮಿಷದ ದಾರಿ. ಹದಿಮೂರಾಯಿತು, ಹದಿನೈದಾಯಿತು. ಗುಡ್ಡದ ನೆತ್ತಿಯ ಮೇಲೆ ಬರೀ ಆಕಾಶ. ಗಾಳಿ ಏಳುತ್ತಿತ್ತು. ಓದಿದ ವಿದ್ಯೆಯೆಲ್ಲ ಸೇರಿದರೂ ಅವಳು ಆಗ ಮಾಡಬಹುದಾದ್ದು ಏನೂ ಇರಲಿಲ್ಲ. ಕೈ ಕಟ್ಟಿಕೊಂಡು ನಿಂತಳು. 

“ಬತ್ತದೆ ಬುಡವ್ವ,” ಅಂದರು ಪುಟ್ಟಗಂಗಮ್ಮ. “ನಾನೂ ತಡವಾಗೇ ಬತ್ತಿದ್ದೆ.”

ಹದಿನೆಂಟನೇ ನಿಮಿಷಕ್ಕೆ ಗುಡ್ಡದ ಅಂಚಿನಲ್ಲಿ ಬಿಳಿಯ ಚುಕ್ಕೆ ಕಂಡಿತು. ಗಾಳಿಗೆ ಎದುರಾಗಿ ವಾಲುತ್ತ, ಸರಿಯಾಗುತ್ತ, ಮತ್ತೆ ವಾಲುತ್ತ ಬಂತು. ಈ ಸಲ ವನಜಾಗೆ ಸದ್ದು ಕೇಳಿಸಿತು. ಸಾವಿರ ಜೇನ್ನೊಣದ ಸದ್ದು, ಕುರಿಗಳೆಲ್ಲ ಬೆದರಿ ಒಂದರ ಮೇಲೊಂದು ಬಿದ್ದವು. ‘ಐದು,’ ಅಂದುಕೊಂಡಳು. ‘ಐದಕ್ಕಿಂತ ಜಾಸ್ತಿ ಕೊಡೋ ಹಾಗಿಲ್ಲ.’ ಕಣ್ಣಿಂದ ನೀರು ಇಳಿಯುತ್ತಿತ್ತು.

ಯಂತ್ರ ವೃತ್ತದ ನಡುವೆ ಕೂತಿತು. ರೆಕ್ಕೆ ನಿಂತವು. ಪುಟ್ಟಗಂಗಮ್ಮ ಹತ್ತಿರ ಹೋಗಿ ನೀಲಿ ಡಬ್ಬಿ ತೆರೆದರು. ಒಳಗೆ, ಪರೀಕ್ಷೆಯ ಹಾರಾಟವಾದ್ದರಿಂದ, ಲಸಿಕೆಯ ಬದಲು ನೀರು ತುಂಬಿದ ಸೀಸೆಗಳು. ಐಸಿನ ಮೇಲೆ ಅಂಗೈ ಇಟ್ಟರು, ತೆಗೆಯಲೇ ಇಲ್ಲ.

“ಗಟ್ಟಿ ಐತೆ,” ಅಂದರು. ಮತ್ತೆ ಅಂದರು, “ಗಟ್ಟಿ ಐತೆ ಕಣವ್ವ.”

ಭೀಮರಾಜು ಬೈಕಿನಲ್ಲಿ ಸುತ್ತಿ ಬಳಸಿ ಬರುವ ಹೊತ್ತಿಗೆ ಇನ್ನೂ ಮುಕ್ಕಾಲು ಗಂಟೆ ಕಳೆಯಿತು. ತಲೆಯಿಂದ ಕಾಲಿನವರೆಗೆ ಧೂಳು. ಯಂತ್ರ ನೆಟ್ಟಗೆ ಕೂತಿರುವುದನ್ನು ನೋಡಿ ಬೈಕನ್ನು ಸ್ಟ್ಯಾಂಡ್ ಹಾಕದೆಯೇ ಬಿಟ್ಟು ಓಡಿ ಬಂದ. ಬೈಕು ಬಿದ್ದ ಸದ್ದಿಗೆ ಕುರಿಗಳು ಮತ್ತೊಮ್ಮೆ ಬೆದರಿದವು. ಅವನ ಕಣ್ಣು ಯಂತ್ರದಿಂದ ಎದ್ದು ವನಜಾಳ ಮುಖದ ಮೇಲೆ ಬಂದು ನಿಂತಿತು. 

“ನಾಳೆಯಿಂದ ಬತ್ತದೇನಪ್ಪ ಇದು?” ಪುಟ್ಟಗಂಗಮ್ಮ ಕೇಳಿದರು.

ಅವನು ನೆಲ ನೋಡಿದ. “ಇಲ್ಲ ಕಣಕ್ಕ. ಸೋಮವಾರ ಮೋಟ್ರು ಬಿಚ್ಚಿ ವಾಪಸ್ ಕೊಡ್ಬೇಕು.”

“ಹಂಗಾದ್ರೆ ನಮಗ್ಯಾಕಪ್ಪ ತೋರಿಸ್ದೆ?”

ಕೋಪದ ಮಾತಲ್ಲ ಅದು. ಅವನು ಬಾಗಿ ಡಬ್ಬಿಯ ಮುಚ್ಚಳ ಹಾಕಿದ. ಮುದ್ದಣ್ಣ ಮುಂದೆ ಬಂದ. “ಸರ್ಕಾರ ಕೊಡ್ತದೆ ಅಂದಿದ್ರಲ್ಲ. ಯಾಕಂತೆ ಕೊಡಕಿಲ್ಲ?”

“ಅದು... ಸ್ವಲ್ಪ ಕಾಗದ ಪತ್ರದ ತೊಂದ್ರೆ, ಯಜಮಾನ್ರೇ,” ಎಂದು ಭೀಮರಾಜು ತೊದಲಿದ.

“ಸುಳ್ಳು,” ವನಜಾ ಹೇಳಿದಳು. ದನಿ ಅವಳಿಗೇ ಹೊಸದಾಗಿತ್ತು. “ನನ್ನಿಂದ ಕಣಪ್ಪ. ಇವ್ರ ಕೆಲಸ ನೋಡಿ ನಂಬರು ಹಾಕೋಳು ನಾನೇ. ನಾನು ಇವ್ರನ್ನ ಇಷ್ಟಪಟ್ಟೆ. ಇಷ್ಟಪಟ್ಟೋಳು ನಂಬರು ಹಾಕಂಗಿಲ್ಲ. ಅದಕ್ಕೇ ಹೋಯ್ತು.”

 ಮುದ್ದಣ್ಣ ಮಗಳನ್ನು ನೋಡಿದ, ಧೂಳು ಹಿಡಿದ ಆ ಪರವೂರಿನವನನ್ನು ನೋಡಿದ, ಎಂಟು ಕೈ ಚಾಚಿ ಕೂತ ಯಂತ್ರವನ್ನೂ ನೋಡಿದ. ಕಂಬಳಿಯನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ. ಬಯ್ಯಲು ಬಾಯಿ ತೆರೆದವನಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ.

“ನಿಮ್ಮವ್ವಂಗೆ ನೀನೇ ಹೇಳ್ಕೊ,” ಅಂದ ಕೊನೆಗೆ. “ನನ್ನ ಕೈಲಾಗಕಿಲ್ಲ.” ಎರಡು ಹೆಜ್ಜೆ ಹೋಗಿ ತಿರುಗಿದ. “ಮುದ್ದೆ ಆಗೈತೆ. ಉಂಡ್ಕಂಡು ಹೋಗ್ಲಿ.”

ಊಟವಾದ ಮೇಲೆ ಯಂತ್ರದ ತೋಳುಗಳನ್ನು ಮಡಚಿ ಬೈಕಿನ ಹಿಂದಿನ ಸೀಟಿಗೆ ಹಗ್ಗದಿಂದ ಕಟ್ಟಿದರು. ಅದು ಕೂತ ಮೇಲೆ ಅವಳಿಗೆ ಜಾಗವಿರಲಿಲ್ಲ. ಅವಳ ಬಸ್ಸು ಟಾರು ರಸ್ತೆಗೆ ಬರುತ್ತಿತ್ತು. ಅವನು ಬೈಕನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಹೊರಟ. ಯಂತ್ರ ವಾಲದ ಹಾಗೆ ಅವಳು ಅದರ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಡೆದಳು. ಕಲ್ಲುದಾರಿ. ಬಿಸಿಲು ಇಳಿದಿರಲಿಲ್ಲ.

“ನೀವು ಹೊರಡಿ. ನಾನು ನಿಧಾನಕ್ಕೆ ನಡ್ಕೊಂಡು ಬರ್ತೀನಿ,” ಅಂದಳು.

“ಬುಡಿ.”

ಸ್ವಲ್ಪ ದೂರ ಹೋದ ಮೇಲೆ ಅವನು, “ವನಜಾ” ಎಂದ. ಆ ಹೆಸರು ಹಿಡಿದು ಅವನು ಅದುವರೆಗೆ ಒಮ್ಮೆಯೂ ಕರೆದಿರಲಿಲ್ಲ. ಅವಳ ಹೆಜ್ಜೆ ತಡವರಿಸಿತು.

“ನಂಗೂ ಇಷ್ಟ. ನಿಮಗೆ ಗೊತ್ತಿರೋದೇ. ಆದ್ರೂ ಬಾಯಿಬಿಟ್ಟು ಹೇಳ್ಬೇಕಲ್ಲ.”

“ಹೂಂ.”

“ಆದ್ರೆ ನಂಗೆ ಇನ್ನೂ ಸಿಟ್ಟೈತೆ.”

“ಇರ್ಲಿ.”

“ಆಯಮ್ಮ ಕೇಳಿದ್ದಕ್ಕೆ ನನ್ ಹತ್ರ ಉತ್ತರ ಇಲ್ಲ. ಅದು ನೆನಪಾದಾಗೆಲ್ಲ ಸಿಟ್ಟು ಬತ್ತದೆ. ಎಷ್ಟು ದಿನ ಇರ್ತದೋ ಗೊತ್ತಿಲ್ಲ.”

“ಇರೋಷ್ಟು ದಿನ ಇರ್ಲಿ,” ಅವಳು ಹೇಳಿದಳು. “ನಾನೂ ಇರ್ತೀನಿ.”

ಅವನು ಹ್ಯಾಂಡಲ್ ಮೇಲಿನ ಒಂದು ಕೈ ತೆಗೆದು, ಹಗ್ಗ ಬಿಗಿಮಾಡುವವನ ಹಾಗೆ ಹಿಂದೆ ಚಾಚಿ, ಅವಳ ಕೈಯ ಮೇಲಿಟ್ಟ. ಒಂದೇ ಕೈಯಲ್ಲಿ ಬೈಕು ಹಿಡಿಯಲಾಗದೆ ಎರಡು ಸಲ ಅದು ಪಕ್ಕಕ್ಕೆ ಎಳೆಯಿತು. ಆದರೂ ತೆಗೆಯಲಿಲ್ಲ.

ಟಾರು ರಸ್ತೆ ಬಂತು. ಅವಳ ಬಸ್ಸು ಬಂತು, ನಿಂತಿತು, ಕಂಡಕ್ಟರು ಒಂದೆರಡು ಸಲ ಕೂಗಿ ವಿಸಲ್ ಹೊಡೆದ, ಬಸ್ಸು ಹೊರಟು ಹೋಯಿತು. ಅವರಿಬ್ಬರೂ ನಡೆಯುತ್ತಲೇ ಇದ್ದರು.